ಜೆರಿಕೋದ ನೆಲ, ಹರಿಹರದ ಹಿತ್ತಲು

ಅರವತ್ತರ ದಶಕದ ಆರಂಭದಲ್ಲಿ ನಾನು ವಿದ್ಯಾರ್ಥಿವೇತನದ ಮೇಲೆ ಬೈರೂತಿನಲ್ಲಿ ಪುರಾತತ್ವ ಓದುತ್ತಿದ್ದೆ. ಮಾಯಕೊಂಡದ ನಮ್ಮ ಒಕ್ಕಲು ಮನೆತನದಲ್ಲಿ ಕಡಲು ದಾಟಿದವನು ನಾನೊಬ್ಬನೇ. ಒಂದು ಚಳಿಗಾಲ ನಮ್ಮ ಪ್ರೊಫೆಸರು ಇಡೀ ತರಗತಿಯನ್ನು ಬಸ್ಸು ಹತ್ತಿಸಿ, ಬೈಬಲ್ಲಿನಲ್ಲಿ ಬರುವ ಊರುಗಳನ್ನು ತೋರಿಸಲು ಹೊರಟರು.

ಜೆರಿಕೋದಲ್ಲಿ ಇಳಿದಾಗ ಎಲ್ಲರಿಗೂ ನಿರಾಸೆ. ತುತ್ತೂರಿಯ ಸದ್ದಿಗೆ ಕೋಟೆಗೋಡೆ ಕುಸಿದುಬಿತ್ತು ಎನ್ನುತ್ತಾರಲ್ಲ, ಆ ಊರು ಅದು. ನಮಗೆ ಕಂಡದ್ದು ಬೋಳು ಮಣ್ಣದಿಬ್ಬ, ಅದನ್ನು ಸೀಳಿದ ಹಾಗೆ ತೋಡಿದ ಆಳವಾದ ಕಂದಕ.

“ಬಿದ್ದ ಗೋಡೆ ಯಾವುದು ಸರ್?” ಎಂದು ನಾನೇ ಕೇಳಿದೆ.

“ಅದರ ಜಗಳ ಇನ್ನೂ ಮುಗಿದಿಲ್ಲ,” ಎಂದು ನಕ್ಕ ಪ್ರೊಫೆಸರು ಕಂದಕದ ತಳಕ್ಕೆ ಬೆರಳು ಮಾಡಿದರು. “ಅಲ್ಲಿ ನೋಡು. ಬೈಬಲ್ಲಿನ ಕಾಲಕ್ಕಿಂತ ಸಾವಿರಾರು ವರ್ಷ ಹಿಂದಿನ ಮನೆಗಳು. ಅವುಗಳ ನೆಲದಡಿ ಎಳೆಕೂಸುಗಳ ಮೂಳೆಗಳು ಸಿಕ್ಕಿದವು. ಮಕ್ಕಳನ್ನು ಹೂತು, ಮೇಲೆ ಮತ್ತೆ ನೆಲ ಮಾಡಿಕೊಂಡು, ಅಲ್ಲೇ ಬಾಳುವೆ ಮಾಡಿದ್ದಾರೆ.”

ಹೂತ ಜಾಗದ ಮೇಲೆ ಚಾಪೆ ಹಾಸಿ ಮಲಗುವುದು ಹೇಗೆ ಸಾಧ್ಯ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಬೇಸಿಗೆ ರಜೆಗೆ ದಾವಣಗೆರೆಯ ಮನೆಗೆ ಬಂದೆ. ಅಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರು. ಅವರಿನ್ನೂ ಅಂಗಡಿಯಿಂದ ಬಂದಿರಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಾ, “ಏನೇನು ನೋಡ್ಕೊಂಡು ಬಂದಿಯಪ್ಪಾ?” ಎಂದಳು. ಬೇರೆಲ್ಲ ಹೇಳಿ, ಜೆರಿಕೋದ ಕೂಸುಗಳ ಸಂಗತಿಯನ್ನೂ ಹೇಳಿದೆ. “ಎಂಥ ಜನ ನೋಡವ್ವ!” ಎಂದೆ.

ಅವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವಳಿಗೆ ಗೊತ್ತಾಗಲಿಲ್ಲ.

“ಎಂಥ ಜನ ಅನಬ್ಯಾಡ. ನಿನಗಿಂತ ಮುಂಚೆ ಒಂದು ಹೆಣ್ಣುಕೂಸು ಇತ್ತು,” ಎಂದಳು.

ನನಗೆ ಯಾರೂ ಹೇಳಿರಲಿಲ್ಲ. ಆಗ ಅವರು ಹರಿಹರದಲ್ಲಿ ಬಾಡಿಗೆ ಮನೆಯಲ್ಲಿದ್ದರಂತೆ. ಹೆಸರಿಡುವ ಮೊದಲೇ ಕೂಸು ತೀರಿಕೊಂಡಿತು. ಅಪ್ಪ ಹೊಳೆದಂಡೆಗೆ ಒಯ್ಯಲು ಹೊರಟಾಗ ಅವ್ವ ಸೆರಗಿನಲ್ಲಿ ಸುತ್ತಿಕೊಂಡು ಬಿಡಲೇ ಇಲ್ಲ. ಕೊನೆಗೆ ಅಜ್ಜಿ, “ಹಿತ್ತಲಾಗೇ ಇರ್ಲಿ ಬಿಡು, ತಾಯಿ ಕಣ್ಣ ಮುಂದೆ ಇರುತ್ತೆ” ಎಂದಳಂತೆ.

“ನಾನೂ ಅಲ್ಲೇ ಪಾತ್ರೆ ತಿಕ್ಕಿದೆ, ಅಲ್ಲೇ ನೀರು ಕಾಸಿದೆ. ಹತ್ರ ಐತಲ್ಲ ಅಂತ ಒಂದು ಸಮಾಧಾನ. ಊರು ಬಿಟ್ಟು ಇಲ್ಲಿಗೆ ಬರುವಾಗ ಭಾಳ ಸಂಕಟ ಆತು.”

“ನಾಳೆ ಹೋಗಿ ಬರೋಣೇನವ್ವ?” ಎಂದೆ. ಅವಳು ಬ್ಯಾಡ ಅನ್ನಲಿಲ್ಲ.

ಮರುದಿನ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಆ ಮನೆಯಲ್ಲಿದ್ದ ಹೆಣ್ಣುಮಗಳು, “ಯಾರು ಬೇಕಾಗಿತ್ರಿ?” ಎಂದಳು. ಅವ್ವ, “ಹಿಂದೆ ಇಲ್ಲೇ ಬಾಡಿಗಿಗೆ ಇದ್ವಿ ತಾಯಿ. ಒಂದೀಟು ನೋಡಿ ಹೋಗೋಣ ಅಂತ ಬಂದ್ವಿ” ಎಂದಳು, ಅಷ್ಟೇ. “ಅದಕ್ಕೇನ್ರಿ, ಬರ್ರಿ, ಕೂಡ್ರಿ” ಎಂದು ಆಕೆ ನೀರು ತಂದುಕೊಟ್ಟು ಹಿತ್ತಲ ಬಾಗಿಲು ತೆಗೆದಳು.

ಅವ್ವನಿಗೆ ಗುರುತಾಗಿದ್ದ ಬಚ್ಚಲು ಬೇರೆ ಕಡೆಗೆ ಹೋಗಿತ್ತು. ಹೊಸ ಗೋಡೆ ಎದ್ದಿತ್ತು. ಅವ್ವ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಇಟ್ಟು, “ಇಲ್ಲೋ, ಅಲ್ಲೋ, ತಿಳೀವಲ್ದು” ಎಂದು ನನ್ನ ಮುಖ ನೋಡಿದಳು. ನೆಲ ನೋಡಿ ಕಾಲ ಹೇಳುವುದನ್ನು ಕಲಿಯುತ್ತಿದ್ದ ನನಗೂ ಏನೂ ತಿಳಿಯಲಿಲ್ಲ. ಅವಳ ಭುಜ ಹಿಡಿದು ನಿಂತೆ. ಅವಳು ಅಳಲಿಲ್ಲ. ಬಗ್ಗಿ ಒಮ್ಮೆ ನೆಲ ಸವರಿ, ಆ ಹೆಣ್ಣುಮಗಳಿಗೆ “ಮನಿ ಚೆಂದ ಇಟ್ಕೊಂಡೀಯವ್ವ” ಎಂದು ಹೇಳಿ ಹೊರಟಳು.

ರಾತ್ರಿ ಊಟಕ್ಕೆ ಕೂತಾಗ ಅವ್ವ, “ಇವತ್ತು ಹರಿಹರಕ್ಕೆ ಹೋಗಿದ್ವಿ, ಹಳೇ ಮನಿಗೆ” ಎಂದಳು. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

“ನನ್ನೂ ಕರಿಬೇಕಿತ್ತು,” ಎಂದರು.