ಅಕ್ಕನಿಗೆ ತೋರಿಸಿದ ತಿರುಗುವ ದೀಪಗಳು

ಗುಜರಿ ಅಂಗಡಿಗೆ ಹೋದರೆ ನನ್ನ ಕಣ್ಣು ಮೊದಲು ಹುಡುಕುವುದು ತಿರುಗುವ ದೀಪಗಳನ್ನು. ಹಳೆಯ ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿಗಳ ನೆತ್ತಿಯ ಮೇಲೆ ಇರುತ್ತಿದ್ದವಲ್ಲ, ಅವು. ಒಳಗೊಂದು ಬಲ್ಬು, ಅದರ ಸುತ್ತ ತಿರುಗುವ ಕನ್ನಡಿ, ಅದನ್ನು ತಿರುಗಿಸಲು ಗುರ್ ಎನ್ನುವ ಪುಟ್ಟ ಮೋಟಾರು. ಹಾವೇರಿಯಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಲೇ ತಲೆ ಹಣ್ಣಾದವನು ನಾನು. ಈಗಿನ ಗಾಡಿಗಳ ಎಲ್‌ಇಡಿ ದೀಪ ತಿರುಗುವುದಿಲ್ಲ, ಬರೀ ಕಣ್ಣು ಹೊಡೆಯುತ್ತದೆ. ಸರ್ಕಾರ ಸಾಹೇಬರ ಕಾರುಗಳಿಂದ ಕೆಂಪು ದೀಪ ತೆಗೆಸಿದಾಗ ಕೆಲವು ರಾಣೇಬೆನ್ನೂರಿನ ಗುಜರಿಗೂ ಬಂದವು. ದೀಪ ಹೋಯಿತು, ಠೀವಿ ಹೋಗಲಿಲ್ಲ, ಆ ಮಾತು ಬೇರೆ. ಅವನ್ನು ನಾನು ಮುಟ್ಟಲಿಲ್ಲ. ಯಾರದೋ ಜೀವಕ್ಕಾಗಿ ಓಡಿದ ಗಾಡಿಯ ದೀಪವೇ ನನಗೆ ಬೇಕಿತ್ತು.

"ಸತ್ತವರನ್ನ ಹೊತ್ತ ಗಾಡೀದು ಮನೀಗೆ ಯಾಕ ತರತೀರಿ?" ಎಂದು ಹೆಂಡತಿ ಬೈದು, ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು.

"ಬದುಕಿದವರನ್ನೂ ಹೊತ್ತೈತಿ" ಎಂದೆ. ಆದರೂ ದೀಪಗಳಿಗೆ ಅಟ್ಟವೇ ಗತಿಯಾಯಿತು.

ಅವುಗಳನ್ನು ಕಂಡು ಖುಷಿಪಟ್ಟವಳು ಬ್ಯಾಡಗಿಯ ನನ್ನ ಅಕ್ಕ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಬದುಕು ಕಟ್ಟಿಕೊಂಡವಳು. ಕಣ್ಣು ಉರಿ, ನೀರು, ಮಬ್ಬು ಎನ್ನುತ್ತಿದ್ದಳು. ಘಾಟು ಎಂದುಕೊಂಡೆವು. ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದು ಬಸ್ಸಿಳಿದವನೂ ಸೀನುತ್ತಾನೆ. ಅಂಥ ಊರಲ್ಲಿ ಕಣ್ಣು ಉರಿಯಿತೆಂದು ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಸುಗ್ಗಿ ಮುಗಿದು ಮಳೆ ಹಿಡಿದರೂ ಮಬ್ಬು ಹೋಗಲಿಲ್ಲ. ಕಣ್ಣಿನ ಒತ್ತಡ ಒಳಗಿನ ನರವನ್ನೇ ತಿಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಹುಬ್ಬಳ್ಳಿಯ ಡಾಕ್ಟರು. ಮೆಣಸಿನಕಾಯಿಯ ತಪ್ಪೇನೂ ಇರಲಿಲ್ಲ. ಸುಮ್ಮನೆ ಅದರ ಮೇಲೆ ಹಾಕಿ ಕೂತಿದ್ದೆವು.

ಉಳಿದದ್ದು ಅಂದರೆ ಬೆಳಕು ಆಡಿದರೆ ಗೊತ್ತಾಗುವಷ್ಟು. ಒಮ್ಮೆ ಅವಳ ಮನೆಯಲ್ಲಿ ಒಂದು ದೀಪವನ್ನು ಬ್ಯಾಟರಿಗೆ ಹಚ್ಚಿ ತೋರಿಸಿದೆ. "ಬಂತು... ಹೋತು... ಮತ್ತ ಬಂತು ನೋಡೋ ತಮ್ಮಾ!" ಎಂದು ಕೂಸಿನಂತೆ ನಕ್ಕಳು. ಅಂದಿನಿಂದ ಹೊಸ ದೀಪ ಸಿಕ್ಕಾಗಲೆಲ್ಲ ಬ್ಯಾಡಗಿಯ ಬಸ್ಸು ಹತ್ತುತ್ತಿದ್ದೆ. "ಯಾವ ಗಾಡೀದೋ?" ಎಂದು ಕೇಳುತ್ತಿದ್ದಳು. ನಾನು ಹೇಳಿದ ಮೇಲೆ ಬಣ್ಣ ಹೇಳುತ್ತಿದ್ದಳು. ತಪ್ಪುತ್ತಿರಲಿಲ್ಲ. ಔಷಧ ನಾಟಿದೆ ಎಂದು ನಾನು ಹಿಗ್ಗುತ್ತಿದ್ದೆ.

ಹೋದ ಸುಗ್ಗಿಯಲ್ಲಿ ರಾಣೇಬೆನ್ನೂರಿನಲ್ಲಿ ಬೆಂಕಿ ಆರಿಸುವ ಗಾಡಿಯ ದೀಪವೊಂದು ಸಿಕ್ಕಿತು. ಮನೆಗೂ ಹೋಗದೆ ನೇರ ಅಕ್ಕನಲ್ಲಿಗೆ ಒಯ್ದೆ. ಯಾವ ಗಾಡಿಯದೆಂದು ಹೇಳಿ, ಕಿಟಕಿ ಮುಚ್ಚಿ, ವೈರು ಹಚ್ಚಿದೆ. ಮೋಟಾರು ಗುರ್ ಎಂದಿತು. ಬಲ್ಬು ಹತ್ತಲಿಲ್ಲ. ಕೋಣೆ ಕತ್ತಲೆಯಾಗಿಯೇ ಇತ್ತು.

"ಕೆಂಪು! ಏನ್ ಚಲೋ ತಿರುಗಾಕತ್ತೇತೋ ತಮ್ಮಾ" ಎಂದಳು ಅಕ್ಕ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಲ್ಬು ಹತ್ತಿಲ್ಲ ಅಕ್ಕಾ" ಎಂದೆ.

ಅವಳು ಕೈ ಚಾಚಿ ದೀಪವನ್ನು ಮುಟ್ಟಿ ನೋಡಿದಳು.

"ಯಾವಾಗಿಂದ ಕಾಣವಲ್ದು?" ಎಂದೆ.

"ಬನ್ನಿ ಹಬ್ಬಕ್ಕಿಂತ ಮೊದಲಿಂದ. ಮೋಟಾರಿನ ಸಪ್ಪಳ ಕೇಳಿ, ನೀ ಹೇಳಿದ ಗಾಡಿ ಮ್ಯಾಲ ಬಣ್ಣ ಹೇಳತಿದ್ದೆ. ಕಾಣವಲ್ದು ಅಂದಿದ್ರ ನೀ ದೀಪ ತರೂದು ಬಿಡತಿದ್ದಿ. ದೀಪ ಬಿಟ್ರ ಬರೂದೂ ಕಡಿಮಿ ಆಗತಿತ್ತು."

"ಹಂಗ್ಯಾಕ ಅಂತಿ" ಎಂದೆ. ಅಳು ಬಂದುಬಿಟ್ಟಿತು. ಚೀಲದಲ್ಲಿದ್ದ ಬೇರೆ ಬಲ್ಬು ಹಾಕಿದೆ. ಕೆಂಪು ಬೆಳಕು ಎದ್ದು ಕೋಣೆಯ ಗೋಡೆಗಳ ಸುತ್ತ ತಿರುಗತೊಡಗಿತು.

"ಹತ್ತಿತೇನೋ?"

"ಹತ್ತೇತಿ."

"ಈಗ ಎಲ್ಲೈತಿ?"

"ಗ್ವಾಡಿ ಮ್ಯಾಲ."

"ಈಗ?"

"ನಿನ್ನ ಮಾರಿ ಮ್ಯಾಲ" ಎಂದೆ. ಅಕ್ಕ ಕಣ್ಣು ಅಗಲಿಸಿ ಮುಖವೆತ್ತಿದಳು. ಅಷ್ಟರಲ್ಲಿ ಅದು ದಾಟಿ ಹೋಗಿತ್ತು.