ಗಿಳಿಹಸಿರು ಅಂಗಿ

ರೋಣದಾಗ ನಮ್ಮ ಬಾಜೂ ಮನೆಯ ಅಕ್ಕಾರು ದೊಡ್ಡ ಊರಿಗೆ ಹೊರಟರೆ ಮಂಚದ ತುಂಬ ಬಟ್ಟೆ-ಅರಿವಿ ಹರವುತ್ತಿದ್ದರು. ಬಿಳಿ, ಬೂದಿ, ನಶ್ಯದ ಬಣ್ಣದವೆಲ್ಲ ವಾಪಸ್ ಟ್ರಂಕಿಗೆ ಹೋಗುತ್ತಿದ್ದವು. ಚೀಲಕ್ಕೆ ಇಳಿಯುವುದು ಕಣ್ಣಿಗೆ ಹೊಡೆಯುವ ಬಣ್ಣ ಮಾತ್ರ. "ಮಂದ್ಯಾಗ ಕಳದ್ರೂ ಕಾಣಬೇಕ್ರಿ" ಅನ್ನುವುದು ಅವರ ಮಾತು. ಅವರ ಯಜಮಾನರಿಗಂತೂ ಕಾಯಂ ಗಿಳಿಹಸಿರು ಅಂಗಿ. ಅದನ್ನು ತೊಟ್ಟು ಹೊರಟರೆ ಓಣಿಯ ಎಮ್ಮೆಗಳೂ ಆಸೆಯಿಂದ ತಲೆ ಎತ್ತುತ್ತಿದ್ದವು.

ಒಮ್ಮೆ ಅವರ ಜೋಡಿ ನಾನೂ ಬೆಂಗಳೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತು ನಿಮಿಷಕ್ಕೆ ಯಜಮಾನರು ಕಾಣೆಯಾದರು. ಅಕ್ಕಾರು ಗಾಬರಿಯಾಗಿ ಮೈಕಿನವನ ಕಿಟಕಿಗೆ ಓಡಿದರು.

"ಯಜಮಾನರ ಹೆಸರೇನಮ್ಮ?" ಎಂದು ಆತ ಕೇಳಿದ.

ಗಂಡನ ಹೆಸರು ಬಾಯಿಬಿಟ್ಟು ಹೇಳುವುದುಂಟೆ? "ಗಿಳಿಹಸರ ಅಂಗಿ ಅಂತ ಕೂಗ್ರಿ, ಸಾಕು" ಎಂದರು. ಆತ ಹಾಗೇ ಕೂಗಿದ.

ತಿರುಗಿ ನೋಡಿದರೆ ಯಜಮಾನರು ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ, ಬಿಳಿ ಅಂಗಿಯಲ್ಲಿ. ನಾಚಿಕೆ ತಾಳದೆ, ಚೀಲದ ತಳದಲ್ಲಿ ಬಚ್ಚಿಟ್ಟು ತಂದದ್ದನ್ನು ಶೌಚಾಲಯದಲ್ಲಿ ಹಾಕಿಕೊಂಡು ಬಂದಿದ್ದರು. ಅಕ್ಕಾರು "ಸ್ವಲ್ಪ ಸರೀರಿ" ಎಂದು ಅವರನ್ನೇ ಬದಿಗೆ ಸರಿಸಿ ಮುಂದೆ ಹುಡುಕಲು ಹೋದರು. ಯಜಮಾನರು ನನಗೆ ಕೈಮುಗಿದು ಮತ್ತೆ ಶೌಚಾಲಯಕ್ಕೆ ಓಡಿದರು.

ಹೊರಗೆ ಬಂದಾಗ ಗಿಳಿಹಸಿರು ಅಂಗಿಯ ಗುಂಡಿಗಳು ಒಂದೂ ತಮ್ಮ ಜಾಗದಲ್ಲಿರಲಿಲ್ಲ. ಅಕ್ಕಾರು ದೂರದಿಂದಲೇ ಗುರುತು ಹಿಡಿದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡ್ರಿ, ಬಿಳಿ ಅಂಗಿ ಹಾಕ್ಕೊಂಡಿದ್ರ ಇವ್ರು ಇವತ್ತ ಸಿಗತಿದ್ದಿಲ್ಲ."