ಶೆಟ್ಟಿಯ ಪಕ್ಕದ ಗೊಂಬೆ

ನಮ್ಮ ಮನೆಯ ದಸರಾ ಗೊಂಬೆಗಳಲ್ಲಿ ಒಬ್ಬ ರಷ್ಯಾದವನಿದ್ದ. ಗೇಣುದ್ದದ ಪ್ಲಾಸ್ಟರ್ ಗೊಂಬೆ. ಬೋಳು ತಲೆ, ಚೂಪು ಗಡ್ಡ, ಮೈತುಂಬ ಕೋಟು. ಹೆಸರು ಹೇಳಬೇಕಾಗಿಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ಅಪ್ಪ ಮೈಸೂರಿನ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಮಾಸ್ಕೋಗೆ ಹೋಗಿಬಂದ ಯೂನಿಯನ್ ಮುಖಂಡರೊಬ್ಬರು ಅವರಿಗೆ ತಂದುಕೊಟ್ಟಿದ್ದು ಅದು. ಅಮ್ಮ ಅವನನ್ನು ಕೆಳಗಿನ ಮೆಟ್ಟಿಲಲ್ಲಿ, ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ ಗೊಂಬೆಯ ಪಕ್ಕ ನಿಲ್ಲಿಸುತ್ತಿದ್ದಳು. "ಶೆಟ್ಟಿ ತೂಕ ಸರಿಯಾಗಿ ಹಾಕ್ತಾನೋ ಇಲ್ವೋ ನೋಡ್ಕೊಳ್ಳೋಕೆ ಒಬ್ಬ ಬೇಕಲ್ಲ" ಎಂದು ಅಪ್ಪ ವರ್ಷವೂ ಅದೇ ಮಾತು ಹೇಳಿ ತಾವೇ ನಗುತ್ತಿದ್ದರು. ಎಲ್ಲ ಗೊಂಬೆಗಳಿಗೆ ಎತ್ತುವ ಆರತಿಯನ್ನು ಅಮ್ಮ ಅವನಿಗೂ ಎತ್ತುತ್ತಿದ್ದಳು. ಅವನು ದೇವರನ್ನು ನಂಬದವನು ಎಂಬುದು ಅವಳಿಗೆ ದೊಡ್ಡ ವಿಷಯವಾಗಿರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ಅಮೆರಿಕಕ್ಕೆ, ಫ್ಲೂಗರ್‌ವಿಲ್‌ನ ನನ್ನ ಮನೆಗೆ ಬಂದಳು. ಸೂಟ್‌ಕೇಸಿನಲ್ಲಿ ಪಟ್ಟದ ಗೊಂಬೆಗಳ ಜೊತೆಗೆ ಅಪ್ಪನ ಪಂಚೆಯಲ್ಲಿ ಸುತ್ತಿಕೊಂಡು ಅವನೂ ಬಂದ. ಕಳೆದ ದಸರಾಕ್ಕೆ ಎಲ್ಲವನ್ನೂ ಕೂರಿಸಿದೆವು. ಅಮ್ಮನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಲು ನಾನು ಆಗಷ್ಟೇ ಕಾಗದಪತ್ರ ಕೂಡಿಸುತ್ತಿದ್ದೆ.

ಗೊಂಬೆ ನೋಡಲು ಹತ್ತಿರದ ಜಾರ್ಜ್‌ಟೌನಿನಿಂದ ಪರಿಚಯದ ಅಂಕಲ್ ಒಬ್ಬರು ಬಂದರು. ಸರ್ಕಾರಿ ಕಾಲೇಜಿನಲ್ಲಿ ಪುಡಿಗಾಸಿಗೆ ಎಂಜಿನಿಯರಿಂಗ್ ಓದಿದವರು, ರೇಷನ್ ಸಕ್ಕರೆಯ ಕಾಫಿ ಕುಡಿದು ಬೆಳೆದವರು. ಈಗ ಸ್ಕೂಲಿನಲ್ಲಿ ಮಕ್ಕಳಿಗೆ ಪುಕ್ಕಟೆ ಊಟ ಕೊಟ್ಟರೂ ಅವರಿಗೆ ಅದು ಕಮ್ಯುನಿಸಂ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ; ಇವರು ಇಲ್ಲಿಯ ಪ್ರಜೆಯಾಗಿ ಇನ್ನೂ ಎರಡೇ ವರ್ಷವಾಗಿತ್ತು. ಚಕ್ಕುಲಿ ಕಡಿಯುತ್ತ ಬಗ್ಗಿ ನೋಡಿದವರು ಅಲ್ಲೇ ನಿಂತುಬಿಟ್ಟರು.

"ಇದ್ಯಾಕಮ್ಮ ಇಲ್ಲಿ? ಅಮ್ಮನ ಪೇಪರ್ಸ್ ಫೈಲ್ ಮಾಡ್ತಿದ್ದೀಯ ತಾನೆ? ಕಮ್ಯುನಿಸ್ಟ್ ಪಾರ್ಟಿ ಮೆಂಬರ್ ಆಗಿದ್ರಾ ಅಂತ ಫಾರ್ಮಲ್ಲೇ ಕೇಳ್ತಾರೆ. ಯಾರಾದ್ರೂ ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕಿದ್ರೆ ಗತಿ ಏನು?"

ನಾನು ಪೆಚ್ಚಾಗಿ ನಕ್ಕೆ. ಅವರ ಕಾರು ಬೀದಿ ತಿರುಗುವ ಮೊದಲೇ ಗೊಂಬೆಯನ್ನು ತೆಗೆದು ಅಕ್ಕಿ ಚೀಲದ ಹಿಂದೆ ಇಟ್ಟೆ. ಅಮ್ಮ ಅದನ್ನು ನೋಡಿದಳು.

ಫಾರಂ ತೆರೆದರೆ ಪ್ರಶ್ನೆ ನಿಜವಾಗಿಯೂ ಇತ್ತು. ರಷ್ಯಾ, ಅಮೆರಿಕ ಒಂದಕ್ಕೊಂದು ಬಾಂಬು ತೋರಿಸಿಕೊಂಡು ನಿಂತಿದ್ದ ಕಾಲದ ಭಯ ಅದು. ಸೋವಿಯತ್ ದೇಶ ನಕ್ಷೆಯಿಂದಲೇ ಅಳಿಸಿಹೋದರೂ ಪ್ರಶ್ನೆ ಮಾತ್ರ ಕೂತ ಜಾಗದಲ್ಲೇ ಕೂತಿದೆ. ಅಮ್ಮನನ್ನು ಸುಮ್ಮನೆ ಒಂದು ಮಾತು ಕೇಳಿದೆ.

"ಆಗಿದ್ದೆ ಕಣೇ," ಎಂದಳು. "ಸ್ಟ್ರೈಕಲ್ಲಿ ನಿಮ್ಮಪ್ಪನ್ನ ಜೈಲಿಗೆ ಹಾಕಿದಾಗ ನಾನೇ ಹೋಗಿ ಮೆಂಬರ್ ಆದೆ. ಸೀಮೆಎಣ್ಣೆ ಕೊಡಿ ಅಂತ ತಟ್ಟೆ ಬಡ್ಕೊಂಡು ಮೆರವಣಿಗೆ ಹೋಗಿದ್ದೀನಿ. ನೀನು ಹುಟ್ಟಿದ್ಮೇಲೆ ಬಿಟ್ಟೆ."

ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಸಲಹೆ ಕೇಳಿದ ವಕೀಲರೊಬ್ಬರು, ನಿಜವನ್ನೇ ಬರೆಯಿರಿ, ಹಳೆಯ ಮಾತು, ವಿವರಣೆ ಕೊಡೋಣ, ಸ್ವಲ್ಪ ತಡವಾಗಬಹುದು ಅಷ್ಟೆ ಎಂದರು. ನಾನು 'ಇಲ್ಲ' ಎನ್ನುವಲ್ಲಿ ಗುರುತು ಹಾಕಿದೆ. ಸರ್ಕಾರಕ್ಕೆ ಹೆದರಿದೆ ಎಂದರೆ ಅದೂ ಸುಳ್ಳು. ನಮ್ಮ ಮನೆಯ ಚಕ್ಕುಲಿ ತಿಂದುಹೋದವರ ಬಾಯಿಗೆ ಹೆದರಿದೆ.

"ಇಂಟರ್‌ವ್ಯೂನಲ್ಲಿ ಕೇಳಿದ್ರೆ ಇಲ್ಲ ಅನ್ಬೇಕಾ?" ಎಂದಳು ಅಮ್ಮ.

"ಹೌದಮ್ಮ. ಒಂದೇ ಒಂದು ಮಾತು."

ಸಂದರ್ಶನದ ದಿನ ಅಮ್ಮ ಬಲಗೈ ಎತ್ತಿ ಪ್ರಮಾಣ ಮಾಡಿದಳು. ಅಧಿಕಾರಿ ಒಂದೊಂದೇ ಪ್ರಶ್ನೆ ಓದುತ್ತ ಹೋದ, ಫೋನಿನಲ್ಲಿದ್ದ ದುಭಾಷಿ ಕನ್ನಡದಲ್ಲಿ ಹೇಳುತ್ತ ಹೋದ. ಆ ಪ್ರಶ್ನೆ ಬಂದಾಗ ಅಮ್ಮ ನನ್ನ ಕಡೆ ತಿರುಗಿದಳು. ನಾನು ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಕೂತೆ.

"ಇಲ್ಲ," ಎಂದಳು. ಅಧಿಕಾರಿ ತಲೆಯನ್ನೂ ಎತ್ತದೆ ಮುಂದಿನ ಪ್ರಶ್ನೆಗೆ ಹೋದ. ಕೆಲವು ವಾರಗಳಲ್ಲಿ ಕಾರ್ಡು ಬಂತು.

ಈ ದಸರಾಕ್ಕೆ ನಾನೇ ರಷ್ಯಾದವನನ್ನು ಹೊರಗೆ ತೆಗೆದು, ಧೂಳು ಒರೆಸಿ, ಅಮ್ಮನ ಮುಂದೆ ಇಟ್ಟೆ. ಅಮ್ಮ ಪಟ್ಟದ ಗೊಂಬೆ ಕೂರಿಸಿದಳು, ಶೆಟ್ಟಿಯ ಮುಂದೆ ಅಕ್ಕಿ ಬೇಳೆ ಹರಡಿದಳು. ಅವನನ್ನು ಮಾತ್ರ ಮತ್ತೆ ಪಂಚೆಯಲ್ಲಿ ಸುತ್ತಿದಳು.

"ಇಡಮ್ಮ, ಈಗೇನೂ ಭಯ ಇಲ್ಲ," ಎಂದೆ.

"ನಿಮ್ಮಪ್ಪ ಜೈಲಲ್ಲಿದ್ದಾಗ ನನ್ನ ಕೈಲಾಗಿದ್ದು ಅದೊಂದೇ. ಕೈ ಎತ್ತಿ ಅದನ್ನೂ ಇಲ್ಲ ಅಂದುಬಿಟ್ಟೆ. ಇನ್ನು ಯಾವ ಮುಖ ಇಟ್ಕೊಂಡು ಇದಕ್ಕೆ ಆರತಿ ಎತ್ಲಿ?"

ಸಂಜೆ ಅಂಕಲ್ ಬಂದರು. ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಈ ಸಲ ತುಂಬ ನೀಟಾಗಿದೆಯಮ್ಮ," ಎಂದರು. ಅಮ್ಮ ಅವರ ಕೈಗೆ ಚಕ್ಕುಲಿಯ ತಟ್ಟೆ ಕೊಟ್ಟು ಒಳಗೆ ಹೋದಳು. ನಾನು, "ಥ್ಯಾಂಕ್ಸ್ ಅಂಕಲ್," ಎಂದೆ.